ಗುಜರಿ ಲೆಕ್ಕಕ್ಕೆ ಬಿದ್ದ ಚೀಲಗಳು: ಪರಾವಲಂಬಿಗಳ ಅಂಚೆಯ ಕಥೆ

ಈ ವಾರದ ಕಂತನ್ನ ಒಂದು ತಪ್ಪೊಪ್ಪಿಗೆಯಿಂದಲೇ ಶುರು ಮಾಡ್ತೀನಿ. ಕೆಲವು ಕಂತುಗಳ ಹಿಂದೆ ಕಾಳಾ ಅಜಾರ್ ಕಾಯಿಲೆಯ ಬಗ್ಗೆ ಮಾತಾಡುವಾಗ ಒಂದು ಮಾತು ಹೇಳಿಬಿಟ್ಟಿದ್ದೆ. ಲೀಶ್ಮೇನಿಯಾ ಅನ್ನೋ ಏಕಕೋಶ ಪರಾವಲಂಬಿ ನಮ್ಮದೇ ರಕ್ಷಣಾ ಕೋಶದ ಒಳಗೆ ಹೋಗಿ ಬಚ್ಚಿಟ್ಟುಕೊಳ್ಳುತ್ತೆ, ಅಷ್ಟೇ ಅದರ ಉಪಾಯ ಅಂತ. ಕೇಳುಗರೊಬ್ಬರು ಮಾರನೇ ದಿನವೇ ಬರೆದರು: "ಅದು ಬಚ್ಚಿಟ್ಟುಕೊಳ್ಳೋಕೆ ಹೋಗಿದ್ದು ಪೊಲೀಸ್ ಠಾಣೆಗೇ ಅಲ್ವಾ? ಒಳಗೆ ಕಾಲಿಡೋ ಮೊದಲೇ ಪೊಲೀಸರನ್ನ ಮಲಗಿಸಿದ್ದು ಯಾರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಓದಿದ್ದು ಬಿಕಾಂ, ಜೀವಶಾಸ್ತ್ರವನ್ನ ಹತ್ತನೇ ಕ್ಲಾಸಿಗೇ ಬಿಟ್ಟವನು. ಉತ್ತರ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಒಂದು ವಿಚಿತ್ರ ಇತಿಹಾಸ. ಅದರಲ್ಲಿ ಕುರಿಯ ರಕ್ತ ಇದೆ, ಮದ್ರಾಸಿನ ಆಸ್ಪತ್ರೆ ಇದೆ, ಒಣದ್ರಾಕ್ಷಿ ಇದೆ, ಮತ್ತೆ ವಿಜ್ಞಾನಿಗಳು ದಶಕಗಳ ಕಾಲ ಧೂಳು ಅಂತ ಬದಿಗಿಟ್ಟ ಒಂದು ವಸ್ತು ಇದೆ. ಇವತ್ತು ಅದೇ ಕಥೆ.

ಮೊದಲು ಕಾಯಿಲೆಯಿಂದ ಹೊರಡೋಣ. 1900ರಲ್ಲಿ ಇಂಗ್ಲೆಂಡಿನ ನೆಟ್ಲಿ ಊರಿನ ಸೇನಾ ಆಸ್ಪತ್ರೆಯಲ್ಲಿ ಒಬ್ಬ ಸೈನಿಕ ತೀರಿಕೊಂಡ. ಕಲ್ಕತ್ತಾ ಹತ್ತಿರದ ಡಮ್‌ಡಮ್‌ನಲ್ಲಿ ಕೆಲಸ ಮಾಡಿದ್ದವನು. ಜ್ವರ ಬಿಟ್ಟಿರಲಿಲ್ಲ, ಮೈ ಬಡಕಲಾಗಿತ್ತು, ಗುಲ್ಮ ಊದಿಕೊಂಡಿತ್ತು. ವಿಲಿಯಂ ಲೀಶ್ಮನ್ ಅನ್ನೋ ಸೇನಾ ವೈದ್ಯರು ಆ ಗುಲ್ಮದ ಚೂರನ್ನ ಗಾಜಿನ ಮೇಲೆ ಸವರಿ ಬಣ್ಣ ಹಾಕಿ ನೋಡಿದಾಗ ಸಣ್ಣ ಸಣ್ಣ ಗುಂಡನೆಯ ಕಾಯಗಳು ಕಂಡವು. ಅವರು ಅದನ್ನ ಪ್ರಕಟಿಸಿದ್ದು 1903ರ ಮೇ ತಿಂಗಳಲ್ಲಿ. ಅದೇ ವರ್ಷ ಮದ್ರಾಸಿನಲ್ಲಿ ಚಾರ್ಲ್ಸ್ ಡೊನೊವನ್ ಅನ್ನೋ ವೈದ್ಯರು ತಮ್ಮ ರೋಗಿಗಳಲ್ಲೂ ಅದನ್ನೇ ಕಂಡು, ಜುಲೈನಲ್ಲಿ ಬರೆದು ತಿಳಿಸಿದರು. ಮೊದಲು ಕಂಡವರು ಯಾರು ಅನ್ನೋ ಜಗಳ ಶುರುವಾಗೋ ಹೊತ್ತಿಗೆ ರೊನಾಲ್ಡ್ ರಾಸ್ ಇಬ್ಬರ ಹೆಸರನ್ನೂ ಸೇರಿಸಿ ಲೀಶ್ಮೇನಿಯಾ ಡೊನೊವನಿ ಅಂತ ನಾಮಕರಣ ಮಾಡಿ ಪಂಚಾಯ್ತಿ ಮುಗಿಸಿಬಿಟ್ಟರು.

ಈ ರಾಸ್ ನಮಗೆ ಪೂರ್ತಿ ಹೊರಗಿನವರೇನಲ್ಲ. ಮಲೇರಿಯಾ ಪರಾವಲಂಬಿಯನ್ನ ಅವರು ಸೊಳ್ಳೆಯೊಳಗೆ ಕಂಡದ್ದು 1897ರಲ್ಲಿ, ಸಿಕಂದರಾಬಾದಿನಲ್ಲಿ. ಆದರೆ ನಿಂತ ನೀರು ಚೆಲ್ಲಿದರೆ ಸೊಳ್ಳೆ ಕಮ್ಮಿಯಾಗುತ್ತೆ ಅನ್ನೋದನ್ನ ಅವರು ಗಮನಿಸಿದ್ದು ಅದಕ್ಕೂ ಎಷ್ಟೋ ಮೊದಲು, ಬೆಂಗಳೂರಿನ ದಂಡಿನಲ್ಲಿ ವೈದ್ಯರಾಗಿದ್ದಾಗ, ತಾವಿದ್ದ ಬಂಗಲೆಯಲ್ಲಿ.

ಸರಿ, ರೋಗಾಣು ಸಿಕ್ಕಿತು. ಅದು ಮನುಷ್ಯನಿಗೆ ಬರೋದು ಹೇಗೆ? ಇದಕ್ಕೆ ಉತ್ತರ ಸಿಗೋಕೆ ಸುಮಾರು 40 ವರ್ಷ ಹಿಡೀತು. ಅನುಮಾನ ಇದ್ದದ್ದು ಮರಳುನೊಣದ ಮೇಲೆ. ಹೆಸರಿಗೆ ನೊಣ, ಗಾತ್ರದಲ್ಲಿ ಸೊಳ್ಳೆಗಿಂತ ಎಷ್ಟೋ ಚಿಕ್ಕದು, ಎರಡು ಮೂರು ಮಿಲಿಮೀಟರ್ ಅಷ್ಟೇ. ಪ್ರಯೋಗಾಲಯದಲ್ಲಿ ಅದಕ್ಕೆ ರೋಗಾಣು ಇರುವ ರಕ್ತ ಕುಡಿಸಿದರೆ ಹೊಟ್ಟೆಯಲ್ಲಿ ಲೀಶ್ಮೇನಿಯಾ ಬೆಳೀತಿತ್ತು. ಆದರೆ ಕಚ್ಚಿಸಿದರೆ ರೋಗ ಹರಡ್ತಾ ಇರಲಿಲ್ಲ. ಆಗ ಸ್ಮಿತ್, ಹಲ್ದಾರ್ ಮತ್ತು ಅಹ್ಮದ್ ಅನ್ನೋ ಮೂವರು ಒಂದು ಸರಳ ಸಂಗತಿ ಕಂಡುಕೊಂಡರು. ಒಂದು ಸಲ ರಕ್ತ ಕುಡಿದ ನೊಣಕ್ಕೆ ಮತ್ತೆ ರಕ್ತ ಕೊಡೋ ಬದಲು ಒಣದ್ರಾಕ್ಷಿ ಕೊಟ್ಟರೆ ಪರಾವಲಂಬಿಗಳು ಚೆನ್ನಾಗಿ ಬೆಳೆದು ನೊಣದ ಗಂಟಲ ಭಾಗವನ್ನ ತುಂಬಿಕೊಳ್ಳುತ್ತವೆ. ಆ ಉಪಾಯವನ್ನ ಬಳಸಿ 1942ರಲ್ಲಿ ಸ್ವಾಮಿನಾಥ್, ಶಾರ್ಟ್ ಮತ್ತು ಆಂಡರ್ಸನ್ ಅಸ್ಸಾಮಿನಲ್ಲಿ ಸ್ವಯಂಸೇವಕರ ಮೇಲೆ ನೊಣ ಕಚ್ಚಿಸಿ ರೋಗ ಹರಡೋದನ್ನ ಸಾಬೀತು ಮಾಡಿದರು. ಮನುಷ್ಯರಿಗೆ ಬೇಕಂತಲೇ ಮಾರಕ ರೋಗ ತಗುಲಿಸಿದ ಪ್ರಯೋಗ ಅದು. ಇವತ್ತಾದರೆ ಯಾವ ಎಥಿಕ್ಸ್ ಕಮಿಟಿಯೂ ಸುಲಭಕ್ಕೆ ಒಪ್ಪಲ್ಲ.

ಮಧ್ಯದಲ್ಲಿ ಇನ್ನೊಂದು ದೊಡ್ಡ ಕೆಲಸ ಆಗಿತ್ತು. 1920ರಲ್ಲಿ ಕಲ್ಕತ್ತಾದ ಕ್ಯಾಂಬೆಲ್ ಆಸ್ಪತ್ರೆಯ ಒಂದು ಚಿಕ್ಕ ಕೋಣೆಯಲ್ಲಿ, ಮಂದ ಬೆಳಕಿನ ಲಾಟೀನಿನಲ್ಲಿ ಉಪೇಂದ್ರನಾಥ ಬ್ರಹ್ಮಚಾರಿ ಅವರು ಯೂರಿಯಾ ಸ್ಟಿಬಮೈನ್ ಅನ್ನೋ ಆಂಟಿಮೊನಿ ಔಷಧ ತಯಾರಿಸಿದರು. ಬಂಗಾಳ ಅಸ್ಸಾಮಿನಲ್ಲಿ ಅಸಂಖ್ಯ ಜೀವ ಉಳಿಸಿದ ಔಷಧ ಅದು. ಅಂದ್ರೆ 1942ರ ಹೊತ್ತಿಗೆ ರೋಗಾಣು ಗೊತ್ತು, ವಾಹಕ ಗೊತ್ತು, ಔಷಧವೂ ಇದೆ. ಲೆಕ್ಕ ಪೂರ್ತಿ ಟ್ಯಾಲಿ ಆಯ್ತು ಅಂತ ಯಾರಿಗಾದರೂ ಅನ್ನಿಸಬೇಕು.

ಟ್ಯಾಲಿ ಆಗಿರಲಿಲ್ಲ. ಒಂದು ಐಟಂ ಪುಸ್ತಕಕ್ಕೇ ಹತ್ತಿರಲಿಲ್ಲ. ಕಾರಣವೂ ಇದೆ. ಮಾಮೂಲಿ ಸೂಕ್ಷ್ಮದರ್ಶಕದಲ್ಲಿ ಸುಮಾರು 200 ನ್ಯಾನೊಮೀಟರ್‌ಗಿಂತ ಚಿಕ್ಕ ವಿವರ ಬೇರ್ಪಟ್ಟು ಕಾಣೋದಿಲ್ಲ. ಒಂದು ಮಿಲಿಮೀಟರ್‌ನ ಹತ್ತು ಸಾವಿರ ಭಾಗ ಮಾಡಿದರೆ ಒಂದು ಭಾಗ 100 ನ್ಯಾನೊಮೀಟರ್. ನಾವು ಇವತ್ತು ಮಾತಾಡ್ತಿರೋ ಚೀಲಗಳಲ್ಲಿ ಬಹುಪಾಲು ಆ ಅಳತೆಯವು. ಲೀಶ್ಮನ್, ಡೊನೊವನ್ ಎಷ್ಟೇ ಕಣ್ಣು ಕಿರಿದು ಮಾಡಿ ನೋಡಿದ್ದರೂ ಅವರಿಗೆ ಕಾಣಿಸ್ತಾ ಇರಲಿಲ್ಲ.

ಈಗ ಕಥೆ ಪರಾವಲಂಬಿಗಳನ್ನ ಬಿಟ್ಟು ರಕ್ತದ ಕಡೆ ಹೋಗುತ್ತೆ. 1946. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅರ್ವಿನ್ ಚಾರ್ಗಾಫ್ ಮತ್ತು ರಾಂಡಾಲ್ಫ್ ವೆಸ್ಟ್ ರಕ್ತ ಹೆಪ್ಪುಗಟ್ಟುವುದರ ಬಗ್ಗೆ ಕೆಲಸ ಮಾಡ್ತಿದ್ದರು. ಡಿಎನ್‌ಎ ಓದಿದವರಿಗೆ ಚಾರ್ಗಾಫ್ ಹೆಸರು ಗೊತ್ತಿರುತ್ತೆ, ಅದೇ ಚಾರ್ಗಾಫ್. ರಕ್ತಕಣಗಳನ್ನ ತೆಗೆದ ಮೇಲೆ ಉಳಿಯೋ ತಿಳಿಯಾದ ಪ್ಲಾಸ್ಮಾವನ್ನ ಅವರು ಸೆಂಟ್ರಿಫ್ಯೂಜ್‌ನಲ್ಲಿ ಬಹಳ ವೇಗವಾಗಿ ತಿರುಗಿಸಿದರು. ಆಮೇಲೆ ಮೇಲಿನ ದ್ರವ ಹೆಪ್ಪುಗಟ್ಟೋಕೆ ಹೆಚ್ಚು ಹೊತ್ತು ತಗೊಳ್ಳೋಕೆ ಶುರುವಾಯ್ತು. ಅಂದ್ರೆ ಹೆಪ್ಪುಗಟ್ಟಿಸೋ ಏನೋ ಒಂದು ತಳಕ್ಕೆ ಇಳಿದಿದೆ. ಕೋಶಗಳಂತೂ ಅಲ್ಲ, ಅವನ್ನ ಮೊದಲೇ ತೆಗೆದಾಗಿದೆ. 1967ರಲ್ಲಿ ಪೀಟರ್ ವುಲ್ಫ್ ಇಂಗ್ಲೆಂಡಿನಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಅದನ್ನ ನೋಡಿದರು. ಪ್ಲೇಟ್‌ಲೆಟ್‌ಗಳಿಂದ ಉದುರಿದ ಅತಿ ಸಣ್ಣ ಕಣಗಳು. ಅವರು ಕೊಟ್ಟ ಹೆಸರು ಪ್ಲೇಟ್‌ಲೆಟ್ ಧೂಳು.

ಧೂಳು ಅನ್ನೋ ಪದವನ್ನ ಸ್ವಲ್ಪ ಹಿಡಿದಿಟ್ಟುಕೊಳ್ಳಿ. ಕಾಸ್ಟ್ ಅಕೌಂಟಿಂಗ್ ಓದಿದವರಿಗೆ ನಾರ್ಮಲ್ ಲಾಸ್ ಅಂದ್ರೆ ಗೊತ್ತಿರುತ್ತೆ. ಕಾರ್ಖಾನೆಯಲ್ಲಿ ನೂರು ಕಿಲೋ ಹಾಕಿದರೆ ಐದು ಕಿಲೋ ಹೋಗೋದು ಸಹಜ ಅಂತ ಮೊದಲೇ ಒಪ್ಪಿಕೊಂಡಿರ್ತಾರೆ. ಆ ಐದು ಕಿಲೋ ಎಲ್ಲಿ ಹೋಯ್ತು ಅಂತ ಯಾರೂ ವಿಚಾರಣೆ ಮಾಡಲ್ಲ, ಗುಜರಿಯವನು ಕೊಟ್ಟಷ್ಟು ಕಾಸು ತಗೊಂಡು ಎಂಟ್ರಿ ಮುಗಿಸ್ತಾರೆ. ಒಂದು ವಸ್ತುವಿಗೆ ಧೂಳು ಅಂತ ಹೆಸರಿಟ್ಟರೆ ಅದಕ್ಕೆ ಆಗೋದೂ ಇದೇ. ವುಲ್ಫ್ ಅವರು ಆ ಧೂಳಿಗೆ ಹೆಪ್ಪುಗಟ್ಟಿಸೋ ಗುಣ ಇದೆ ಅಂತ ಬರೆದಿದ್ದರು. ಆದರೂ ಹೆಸರು ತನ್ನ ಕೆಲಸ ಮಾಡಿತು.

ಮುಂದಿನ ತಿರುವು ಕೆನಡಾದ ಮಾಂಟ್ರಿಯಲ್‌ನಲ್ಲಿ, ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ. ರೋಸ್ ಜಾನ್‌ಸ್ಟೋನ್ ಅಲ್ಲಿ ಜೀವರಸಾಯನ ವಿಭಾಗದ ಮುಖ್ಯಸ್ಥೆ, ಆ ಸ್ಥಾನಕ್ಕೆ ಬಂದ ಮೊದಲ ಮಹಿಳೆ. ಪೋಲೆಂಡಿನಲ್ಲಿ ಹುಟ್ಟಿ, ಮಗುವಾಗಿದ್ದಾಗಲೇ ಕೆನಡಾಕ್ಕೆ ಬಂದವರು. ಅವರ ಪ್ರಶ್ನೆ ಪರಾವಲಂಬಿಗಳದ್ದಲ್ಲ, ಕೆಂಪು ರಕ್ತಕಣದ್ದು. ಎಳೆಯ ಕೆಂಪು ಕಣಕ್ಕೆ ಕಬ್ಬಿಣ ಬೇಕು, ಅದನ್ನ ಒಳಗೆ ಎಳೆದುಕೊಳ್ಳೋಕೆ ಮೈಮೇಲೆ ಟ್ರಾನ್ಸ್‌ಫೆರಿನ್ ಗ್ರಾಹಕ ಅನ್ನೋ ಪ್ರೋಟೀನುಗಳು ಇರ್ತವೆ. ಕಣ ಬಲಿತ ಮೇಲೆ ಅವು ಒಂದೂ ಉಳಿಯಲ್ಲ. ಎಲ್ಲಿ ಹೋಗ್ತವೆ?

ಇದನ್ನ ನೋಡೋಕೆ ಎಳೆ ಕಣಗಳು ಬೇಕು. ಕುರಿಯಿಂದ ಪದೇ ಪದೇ ರಕ್ತ ತೆಗೆದರೆ ಅದರ ಮೈ ಅವಸರವಾಗಿ ಹೊಸ ಕಣ ತಯಾರಿಸಿ ಎಳೆಯವನ್ನೇ ರಕ್ತಕ್ಕೆ ಬಿಡುತ್ತೆ. ಬಿನ್ ಟಾವ್ ಪ್ಯಾನ್ ಮತ್ತು ಜಾನ್‌ಸ್ಟೋನ್ ಅಂಥ ಕಣಗಳನ್ನ ಬೆಳೆಸಿ ನೋಡಿದಾಗ, ಗ್ರಾಹಕಗಳು ಒಳಗೆ ಕರಗಿ ಹೋಗ್ತಿಲ್ಲ, ಪುಟ್ಟ ಚೀಲಗಳಲ್ಲಿ ತುಂಬಿ ಹೊರಗೆ ಬರ್ತಿವೆ ಅಂತ ಗೊತ್ತಾಯ್ತು. 1983ರಲ್ಲಿ ಪ್ರಕಟವಾಯ್ತು. ಅದೇ ವರ್ಷ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಹಾರ್ಡಿಂಗ್, ಹ್ಯೂಸರ್, ಸ್ಟಾಲ್ ಇಲಿಯ ಎಳೆ ರಕ್ತಕಣಗಳಲ್ಲಿ ಇದನ್ನೇ ಕಂಡರು. 1987ರಲ್ಲಿ ಜಾನ್‌ಸ್ಟೋನ್ ಈ ಚೀಲಗಳಿಗೆ ಎಕ್ಸೊಸೋಮ್ ಅನ್ನೋ ಹೆಸರು ಬಳಸಿದರು.

ಚೀಲ ತಯಾರಾಗೋ ವಿಧಾನವನ್ನ ಇಲ್ಲೇ ಹೇಳಿಬಿಡ್ತೀನಿ, ಮುಂದೆ ಬೇಕಾಗುತ್ತೆ. ಕೋಶದ ಮೈಪೊರೆ ಅಲ್ಲಲ್ಲಿ ಒಳಗೆ ಮಡಚಿಕೊಂಡು ಒಂದು ಗುಳ್ಳೆ ಆಗುತ್ತೆ. ಆ ಗುಳ್ಳೆಯ ಪೊರೆ ಮತ್ತೆ ಒಳಮುಖವಾಗಿ ಚಿವುಟಿಕೊಂಡು ಒಳಗೆ ಇನ್ನೂ ಸಣ್ಣ ಗುಳ್ಳೆಗಳು ಹುಟ್ಟುತ್ತವೆ. ಕಾಯೊಳಗೆ ಬೀಜಗಳಿದ್ದ ಹಾಗೆ ಅಂದ್ಕೊಳ್ಳಿ. ಈ ಬೀಜ ತುಂಬಿದ ಕಾಯಿಗೆ ಎರಡು ದಾರಿ. ಒಂದು, ಕೋಶದ ಜೀರ್ಣಾಂಗಕ್ಕೆ ಹೋಗಿ ಕರಗೋದು. ಇನ್ನೊಂದು, ಮೈಪೊರೆಯ ಹತ್ತಿರ ಬಂದು ಅದರ ಜೊತೆ ಬೆಸೆದುಕೊಂಡು ಬಾಯಿ ತೆರೆದು ಬೀಜಗಳನ್ನೆಲ್ಲ ಹೊರಗೆ ಚೆಲ್ಲೋದು. ಹೀಗೆ ಹೊರಗೆ ಬಿದ್ದವೇ ಎಕ್ಸೊಸೋಮ್‌ಗಳು, ಸುಮಾರು 30ರಿಂದ 150 ನ್ಯಾನೊಮೀಟರ್. ಒಳಗೆ ಚಿವುಟೋ ಕೆಲಸಕ್ಕೆ ಎಸ್ಕಾರ್ಟ್ ಅನ್ನೋ ಪ್ರೋಟೀನುಗಳ ತಂಡ ಇದೆ, ಅದನ್ನ ಮೊದಲು ಗುರುತಿಸಿದ್ದು ಯೀಸ್ಟ್‌ನಲ್ಲಿ. ಇದಲ್ಲದೆ ಇನ್ನೊಂದು ನೇರ ದಾರಿಯೂ ಇದೆ. ಮೈಪೊರೆಯೇ ಹೊರಮುಖವಾಗಿ ಉಬ್ಬಿ, ಮೊಗ್ಗಿನ ಹಾಗೆ ಕಳಚಿಕೊಳ್ಳೋದು. ಅವು ಸಾಮಾನ್ಯವಾಗಿ ಸ್ವಲ್ಪ ದೊಡ್ಡವು. ಎರಡನ್ನೂ ಸೇರಿಸಿ ಈಗ ಎಕ್ಸ್‌ಟ್ರಾಸೆಲ್ಯುಲರ್ ವೆಸಿಕಲ್ ಅಂತಾರೆ. ನಾನು ಚೀಲ ಅಂತಲೇ ಹೇಳ್ತೀನಿ.

1983ರಲ್ಲೂ ಬಹಳ ಜನ ಇದನ್ನ ಕಸ ಎಸೆಯೋ ವ್ಯವಸ್ಥೆ ಅಂತಲೇ ಓದಿಕೊಂಡರು. ಬೇಡದ ಪ್ರೋಟೀನನ್ನ ಕೋಶ ಮೂಟೆ ಕಟ್ಟಿ ಬಾಗಿಲ ಹೊರಗೆ ಇಡುತ್ತೆ, ಅಷ್ಟೇ. ಈ ಓದು ಅಲುಗಾಡಿದ್ದು 1996ರಲ್ಲಿ. ಗ್ರಾಸಾ ರಪೋಸೊ ಮತ್ತು ಸಂಗಡಿಗರು ರಕ್ಷಣಾ ವ್ಯವಸ್ಥೆಯ ಬಿ ಕೋಶಗಳು ಬಿಡೋ ಚೀಲಗಳು ಬೇರೆ ಕೋಶಗಳನ್ನ ಎಚ್ಚರಿಸಬಲ್ಲವು ಅಂತ ತೋರಿಸಿದರು. 2007ರಲ್ಲಿ ಸ್ವೀಡನ್ನಿನ ಯೋಟೆಬೊರಿ ನಗರದ ತಂಡ ಇನ್ನೂ ಮುಂದೆ ಹೋಯ್ತು. ಚೀಲಗಳೊಳಗೆ ಆರ್‌ಎನ್‌ಎ ಇದೆ, ಒಂದು ಕೋಶದ ಆರ್‌ಎನ್‌ಎ ಇನ್ನೊಂದು ಕೋಶಕ್ಕೆ ಹೋಗಿ ಅಲ್ಲಿ ಪ್ರೋಟೀನ್ ತಯಾರಾಗುತ್ತೆ ಅಂತ ಅವರು ಹೇಳಿದರು. ಕಸದ ಮೂಟೆ ಅಂದುಕೊಂಡಿದ್ದು ಅಂಚೆಯ ಚೀಲ ಆಗಿತ್ತು.

ಇಲ್ಲಿಂದ ವಾಪಸ್ ನಮ್ಮ ಪರಾವಲಂಬಿಗಳಿಗೆ. ನ್ಯಾಯವಾಗಿ ಹೇಳಬೇಕು ಅಂದ್ರೆ, ಇವುಗಳ ಚೀಲಗಳನ್ನ ಮೊದಲು ಗಂಭೀರವಾಗಿ ತಗೊಂಡವರು ಬ್ರೆಜಿಲ್ಲಿನವರು. ಅಲ್ಲಿನ ಛಾಗಸ್ ಕಾಯಿಲೆಯ ರೋಗಾಣು ಟ್ರಿಪನೊಸೋಮಾ ಕ್ರೂಸಿ, 1909ರಲ್ಲಿ ಕಾರ್ಲೋಸ್ ಛಾಗಸ್ ಕಂಡುಹಿಡಿದದ್ದು. 1979ರಷ್ಟು ಹಿಂದೆಯೇ ಅದರ ಪೊರೆಯ ಚೀಲಗಳ ಬಗ್ಗೆ ಬರವಣಿಗೆ ಇದೆ. 1991ರಲ್ಲಿ ಆ ಪರಾವಲಂಬಿ ತನ್ನ ಮೈಮೇಲಿನ ಪ್ರೋಟೀನುಗಳನ್ನ ಚೀಲಗಳ ರೂಪದಲ್ಲಿ ಉದುರಿಸುತ್ತೆ ಅಂತ ವರದಿಯಾಯ್ತು. 2009ರಲ್ಲಿ ಸಾವೊ ಪಾಲೊದ ಸಂಶೋಧಕರು ಇಲಿಗಳಿಗೆ ಮೊದಲು ಬರೀ ಚೀಲಗಳನ್ನ ಚುಚ್ಚಿ, ಆಮೇಲೆ ರೋಗಾಣು ಕೊಟ್ಟರು. ಚೀಲ ಪಡೆದ ಇಲಿಗಳ ಹೃದಯದಲ್ಲಿ ಉರಿಯೂತವೂ ಪರಾವಲಂಬಿಗಳೂ ಹೆಚ್ಚಾಗಿದ್ದವು. ಛಾಗಸ್ ಕಾಯಿಲೆ ಕೊಲ್ಲೋದು ಬಹುಪಾಲು ಹೃದಯದ ಮೂಲಕವೇ ಅನ್ನೋದನ್ನ ನೆನಪಿಟ್ಟುಕೊಂಡರೆ ಇದರ ತೂಕ ಗೊತ್ತಾಗುತ್ತೆ.

ಲೀಶ್ಮೇನಿಯಾ ಕಥೆ ಒಂದು ಲೆಕ್ಕ ಹೊಂದದ ಜಾಗದಿಂದ ಶುರುವಾಯ್ತು. ಕೆನಡಾದ ವ್ಯಾಂಕೂವರ್‌ನಲ್ಲಿ ನೀಲ್ ರೈನರ್ ಅವರ ತಂಡ, ಲೀಶ್ಮೇನಿಯಾ ಡೊನೊವನಿ ಹೊರಗೆ ಬಿಡೋ ಪ್ರೋಟೀನುಗಳ ಪಟ್ಟಿ ಮಾಡ್ತಿತ್ತು. ಸಾಮಾನ್ಯವಾಗಿ ಕೋಶದಿಂದ ಹೊರಗೆ ಹೋಗೋ ಪ್ರೋಟೀನಿಗೆ ಗೇಟ್‌ಪಾಸ್ ಥರ ಒಂದು ತುಣುಕು ಅಂಟಿರುತ್ತೆ. ಹೊರಗೆ ಸಿಕ್ಕ ಪ್ರೋಟೀನುಗಳಲ್ಲಿ ಬಹುಪಾಲಿಗೆ ಆ ಗೇಟ್‌ಪಾಸೇ ಇರಲಿಲ್ಲ. ಗೋಡೌನಿನಿಂದ ಮಾಲು ಹೊರಗೆ ಹೋಗಿದೆ, ಗೇಟಿನಲ್ಲಿ ಎಂಟ್ರಿ ಇಲ್ಲ. ಆಡಿಟ್ ಮಾಡೋರಿಗೆ ಇಂಥದ್ದು ಕಂಡರೆ ಕಿವಿ ನೆಟ್ಟಗಾಗುತ್ತೆ. 2008ರಲ್ಲಿ ಅವರು ಚೀಲಗಳ ಮೂಲಕ ಹೋಗಿರಬಹುದು ಅಂತ ಅಂದಾಜು ಮಾಡಿದರು. 2010ರಲ್ಲಿ ಚೀಲಗಳನ್ನೇ ಬೇರ್ಪಡಿಸಿ ತೋರಿಸಿದರು. ಆ ಚೀಲಗಳು ಮ್ಯಾಕ್ರೋಫೇಜ್ ಒಳಗೆ, ಅಂದ್ರೆ ರೋಗಾಣುಗಳನ್ನ ನುಂಗಿ ಮುಗಿಸಬೇಕಾದ ನಮ್ಮ ಕಾವಲು ಕೋಶದೊಳಗೆ, ತಲುಪ್ತಾ ಇದ್ದವು.

ಅದರಲ್ಲಿ ನನ್ನನ್ನ ಹಿಡಿದು ನಿಲ್ಲಿಸಿದ್ದು ಬಿಸಿಯ ವಿಷಯ. ಮರಳುನೊಣದ ಹೊಟ್ಟೆ ತಂಪು, ಸುಮಾರು 25 ಡಿಗ್ರಿ ಆಸುಪಾಸು. ಮನುಷ್ಯನ ಮೈ 37 ಡಿಗ್ರಿ. ಪ್ರಯೋಗಾಲಯದಲ್ಲಿ ಲೀಶ್ಮೇನಿಯಾವನ್ನ ತಂಪಿನಿಂದ ಒಮ್ಮೆಲೇ 37 ಡಿಗ್ರಿಗೆ ತಂದರೆ ಚೀಲಗಳ ಬಿಡುಗಡೆ ಏರುತ್ತೆ. ಅಂದ್ರೆ ಚರ್ಮದ ಕೆಳಗೆ ಬಿದ್ದ ಕೂಡಲೇ ಅದಕ್ಕೆ ಊರು ಬದಲಾಯ್ತು ಅನ್ನೋದು ಗೊತ್ತಾಗುತ್ತೆ, ಸಾಮಾನು ಇಳಿಸೋಕೆ ಶುರು ಮಾಡುತ್ತೆ.

ಇದೇ ಹೊತ್ತಿಗೆ ಮಾಂಟ್ರಿಯಲ್‌ನ ಮೆಕ್‌ಗಿಲ್‌ನಲ್ಲಿ ಮಾರ್ಟಿನ್ ಒಲಿವಿಯೆ ಅವರ ತಂಡವೂ ಲೀಶ್ಮೇನಿಯಾ ಚೀಲಗಳ ಬೆನ್ನು ಹತ್ತಿತ್ತು. ಹೌದು, ಅದೇ ಮೆಕ್‌ಗಿಲ್. ಜಾನ್‌ಸ್ಟೋನ್ ಕುರಿಯ ರಕ್ತ ಹಿಡಿದುಕೊಂಡು ಕೂತಿದ್ದ ವಿಶ್ವವಿದ್ಯಾಲಯ. ಅವರು 2009ರಲ್ಲಿ ತೀರಿಕೊಂಡಿದ್ದರು. ಚೀಲಗಳೊಳಗೆ ಜಿಪಿ63 ಅನ್ನೋ ಕತ್ತರಿಯಂಥ ಪ್ರೋಟೀನ್ ಇದೆ, ಅದು ಮ್ಯಾಕ್ರೋಫೇಜ್‌ನ ಒಳಗಿನ ಎಚ್ಚರಿಕೆಯ ತಂತಿಗಳನ್ನ ಕತ್ತರಿಸುತ್ತೆ ಅಂತ ಈ ತಂಡ ತೋರಿಸಿತು. 2015ರಲ್ಲಿ ಇನ್ನೊಂದು ಹೆಜ್ಜೆ. ಮರಳುನೊಣದ ಹೊಟ್ಟೆಯೊಳಗೇ ಲೀಶ್ಮೇನಿಯಾ ಚೀಲ ಬಿಡುತ್ತೆ, ನೊಣ ಕಚ್ಚಿದಾಗ ಪರಾವಲಂಬಿಯ ಜೊತೆಗೆ ಆ ಚೀಲಗಳೂ ಚರ್ಮಕ್ಕೆ ಬರ್ತವೆ. ಇಲಿಗಳಿಗೆ ಪರಾವಲಂಬಿ ಮತ್ತು ಚೀಲ ಎರಡನ್ನೂ ಕೂಡಿಸಿ ಕೊಟ್ಟಾಗ ಹುಣ್ಣು ದೊಡ್ಡದಾಯ್ತು.

ಈಗ 1942ರ ಅಸ್ಸಾಮಿಗೆ ಒಂದು ಸಲ ಹಿಂದಕ್ಕೆ ನೋಡಿ. ನೊಣ ಕಚ್ಚಿದ ಆ ಸ್ವಯಂಸೇವಕರ ಚರ್ಮಕ್ಕೆ ಇಳಿದದ್ದು ಬರೀ ರೋಗಾಣು ಅಂತ ಪುಸ್ತಕಗಳು ಬರೆದವು. ಅದರ ಜೊತೆಗೆ ಯಾರ ಕಣ್ಣಿಗೂ ಬೀಳದ ಚೀಲಗಳೂ ಇಳಿದಿರಬೇಕು. ನಮ್ಮ ಕೇಳುಗರ ಪ್ರಶ್ನೆಗೆ ಉತ್ತರ ಇದೇ. ಕಳ್ಳ ಠಾಣೆಗೆ ಬರೋ ಮೊದಲೇ, ಅವನ ಕಡೆಯ ಪಾರ್ಸೆಲ್ ಬಂದು ಪೊಲೀಸರ ಊಟದಲ್ಲಿ ಮತ್ತು ಬೆರೆತಿತ್ತು. ನೊಣದ ಜೊಲ್ಲಿನ ಪಾತ್ರವೂ ಇದೆ, ಬೇರೆ ಕಾರಣಗಳೂ ಇವೆ, ಆದರೆ ಚೀಲಗಳನ್ನ ಬಿಟ್ಟು ಈ ಲೆಕ್ಕ ಇನ್ನು ಹೊಂದಲ್ಲ.

ಬೇರೆ ಏಕಕೋಶಿಗಳ ಅಂಚೆ ಬೇರೆ ಬೇರೆ ರೀತಿ. ಆಫ್ರಿಕಾದ ನಿದ್ರಾರೋಗದ ಟ್ರಿಪನೊಸೋಮಾ ಬ್ರೂಸಿಗೆ ಮೈಪೊರೆಯ ಕೆಳಗೆ ಸೂಕ್ಷ್ಮನಾಳಗಳ ಬಿಗಿಯಾದ ಬುಟ್ಟಿ ಇದೆ. ಒಳಗಿಂದ ಬರೋ ಮಾಲು ಎಲ್ಲೆಂದರಲ್ಲಿ ಹೊರಗೆ ಹೋಗೋಕಾಗಲ್ಲ, ಬಾಲದ ಬುಡದಲ್ಲಿರೋ ಒಂದೇ ಜೇಬಿನ ಮೂಲಕ ಹೋಗಬೇಕು. ಆದರೆ ಅದು ಇನ್ನೊಂದು ದಾರಿ ಮಾಡಿಕೊಂಡಿದೆ. ಬಾಲದ ಪೊರೆ ನೂಲಿನಂಥ ಉದ್ದನೆಯ ಕೊಳವೆಯಾಗಿ ಚಾಚಿಕೊಳ್ಳುತ್ತೆ, ಆ ನೂಲು ತುಂಡು ತುಂಡಾಗಿ ಚೀಲಗಳಾಗುತ್ತೆ. ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದ ಸ್ಟೀಫನ್ ಹೈಡಕ್ ಅವರ ತಂಡ 2016ರಲ್ಲಿ ಇದನ್ನ ಪ್ರಕಟಿಸಿತು. ಆ ಚೀಲಗಳು ಕೆಂಪು ರಕ್ತಕಣಗಳಿಗೆ ಬೆಸೆದುಕೊಳ್ಳುತ್ತವೆ. ಮೈಪೊರೆ ಕೆಟ್ಟ ಕಣಗಳನ್ನ ದೇಹವೇ ರಕ್ತದಿಂದ ತೆಗೆದುಹಾಕುತ್ತೆ. ನಿದ್ರಾರೋಗದಲ್ಲಿ ರಕ್ತಹೀನತೆ ಯಾಕೆ ಬರುತ್ತೆ ಅನ್ನೋ ಹಳೇ ಪ್ರಶ್ನೆಗೆ ಹೊಸದೊಂದು ಉತ್ತರ. ಇಸ್ರೇಲಿನ ಶುಲಮಿತ್ ಮಿಖಾಯೆಲಿ ಅವರ ತಂಡ 2017ರಲ್ಲಿ ಇನ್ನೊಂದು ಚಂದದ ಸಂಗತಿ ಕಂಡಿತು. ಒತ್ತಡದಲ್ಲಿರೋ ಟ್ರಿಪನೊಸೋಮಾಗಳು ಬಿಡೋ ಎಕ್ಸೊಸೋಮ್‌ಗಳು ಸುತ್ತಲಿನ ಆರೋಗ್ಯವಂತ ಟ್ರಿಪನೊಸೋಮಾಗಳನ್ನ ದೂರ ಸರಿಸುತ್ತವೆ. ಈ ಕಡೆ ಬರಬೇಡಿ ಅನ್ನೋ ಸಂದೇಶ. ಚೀಲ ತಯಾರಿಸೋಕೆ ಎಸ್ಕಾರ್ಟ್ ತಂಡದ ಒಂದು ಪ್ರೋಟೀನ್ ಬೇಕು ಅಂತಲೂ ಅವರು ತೋರಿಸಿದರು. ಯೀಸ್ಟ್‌ನಲ್ಲಿ ಕಂಡ ಯಂತ್ರ ಇಲ್ಲೂ ಕೆಲಸಕ್ಕಿದೆ.

ಮಲೇರಿಯಾದ ಕಥೆ ಇನ್ನೂ ಜಟಿಲ, ಯಾಕಂದ್ರೆ ಅಲ್ಲಿ ಚೀಲ ಬರೋದು ಪರಾವಲಂಬಿ ಕೂತಿರೋ ಕೆಂಪು ರಕ್ತಕಣದಿಂದ. ಬಲಿತ ಕೆಂಪು ಕಣಕ್ಕೆ ನ್ಯೂಕ್ಲಿಯಸ್ ಇಲ್ಲ, ಚೀಲ ಕಟ್ಟೋ ಹಳೇ ಸಲಕರಣೆ ಬಹುಪಾಲು ಹೋಗಿರುತ್ತೆ. ಬಾಡಿಗೆಗೆ ಬಂದವನು ಖಾಲಿ ಮನೆಯಲ್ಲಿ ತನ್ನದೇ ಅಂಚೆ ಕಚೇರಿ ತೆರೆದ ಹಾಗೆ. 2013ರಲ್ಲಿ ಎರಡು ತಂಡಗಳು, ಒಂದು ಆಸ್ಟ್ರೇಲಿಯಾದ ಮೆಲ್ಬರ್ನ್‌ನದ್ದು, ಇನ್ನೊಂದು ಅಮೆರಿಕದ ಹಾರ್ವರ್ಡ್‌ನದ್ದು, ಸೋಂಕಿತ ಕಣಗಳು ಚೀಲಗಳ ಮೂಲಕ ಮಾತಾಡಿಕೊಳ್ತವೆ ಅಂತ ಪ್ರಕಟಿಸಿದವು. ಮೆಲ್ಬರ್ನ್‌ನ ಪ್ರಯೋಗ ಹೀಗಿತ್ತು. ಎರಡು ಗುಂಪು ಪರಾವಲಂಬಿಗಳು. ಒಂದು ಗುಂಪಿಗೆ ಒಂದು ಔಷಧದ ನಿರೋಧ ಕೊಡೋ ಜೀನನ್ನ, ಇನ್ನೊಂದು ಗುಂಪಿಗೆ ಬೇರೆ ಔಷಧದ ಜೀನನ್ನ ಸಂಶೋಧಕರೇ ಸೇರಿಸಿದ್ದರು. ಎರಡೂ ಔಷಧ ಒಟ್ಟಿಗೆ ಹಾಕಿದರೆ ಇಬ್ಬರೂ ಸಾಯಬೇಕು. ಜೊತೆಗೆ ಬೆಳೆಸಿದಾಗ ಬದುಕಿದವು. ನಡುವೆ ಕೋಶಗಳು ದಾಟಲಾಗದಷ್ಟು ಸಣ್ಣ ರಂಧ್ರದ ಜಾಲರಿ ಇಟ್ಟರೂ ಬದುಕಿದವು. ದಾಟಿದ್ದು ಚೀಲ. ಇದೇ ಚೀಲಗಳು, ಸೊಳ್ಳೆಗೆ ದಾಟಬಲ್ಲ ಲೈಂಗಿಕ ರೂಪಕ್ಕೆ ತಿರುಗೋ ಹಾಗೆ ಪರಾವಲಂಬಿಗಳನ್ನ ಪ್ರೇರೇಪಿಸೋದೂ ಕಂಡಿತು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಇಂಥ ಸುದ್ದಿ ನಮ್ಮ ಮೊಬೈಲಿಗೆ ಬರುವಾಗ ರೋಗಾಣುಗಳು ಔಷಧ ನಿರೋಧವನ್ನ ಕೊರಿಯರ್ ಮಾಡ್ತಿವೆ ಅನ್ನೋ ದಪ್ಪಕ್ಷರದ ತಲೆಬರಹದಲ್ಲಿ ಬರುತ್ತೆ. ಆ ಜೀನುಗಳನ್ನ ಪ್ರಯೋಗಾಲಯದಲ್ಲಿ ಕೈಯಾರೆ ಸೇರಿಸಿದ್ದು ಅನ್ನೋದು ತಲೆಬರಹದಲ್ಲಿ ಇರಲ್ಲ. 2022ರಲ್ಲಿ ಲೀಶ್ಮೇನಿಯಾ ಕೂಡ ಚೀಲಗಳ ಮೂಲಕ ಔಷಧ ನಿರೋಧದ ಜೀನುಗಳನ್ನ ಹಂಚಿಕೊಳ್ಳಬಲ್ಲದು ಅಂತ ಮಾಂಟ್ರಿಯಲ್‌ನಿಂದ ವರದಿ ಬಂತು, ಅದೂ ಪ್ರಯೋಗಾಲಯದ ಪಾತ್ರೆಯ ಮಾತು. ಬಿಹಾರದಲ್ಲಿ 1990ರ ದಶಕದ ಹೊತ್ತಿಗೆ ಆಂಟಿಮೊನಿ ಔಷಧಗಳು ಎಷ್ಟೋ ರೋಗಿಗಳಲ್ಲಿ ಕೆಲಸ ಮಾಡೋದನ್ನೇ ನಿಲ್ಲಿಸಿದ್ದು ನಿಜ. ಅದಕ್ಕೆ ಚೀಲಗಳೇ ಕಾರಣ ಅಂತ ಹೇಳಿದರೆ ನಾನು ಮತ್ತೊಂದು ತಪ್ಪೊಪ್ಪಿಗೆಯ ಕಂತು ಮಾಡಬೇಕಾಗುತ್ತೆ. ಅರ್ಧಂಬರ್ಧ ಚಿಕಿತ್ಸೆ, ತಪ್ಪು ಪ್ರಮಾಣದ ಔಷಧ, ಬಡತನ, ಇವನ್ನ ಮೊದಲು ನೋಡಬೇಕು.

ಚೀಲಗಳ ವಿಜ್ಞಾನದ ಒಳಗೂ ಇದೇ ಜಗಳ ಇದೆ. ಸೆಂಟ್ರಿಫ್ಯೂಜ್‌ನಲ್ಲಿ ಒಂದು ಲಕ್ಷ ಪಟ್ಟು ಗುರುತ್ವದಲ್ಲಿ ತಿರುಗಿಸಿದರೆ ತಳಕ್ಕೆ ಇಳಿಯೋದು ಬರೀ ಎಕ್ಸೊಸೋಮ್ ಅಲ್ಲ. ಸತ್ತ ಕೋಶದ ಚೂರು, ಪ್ರೋಟೀನಿನ ಗಂಟುಗಳೂ ಇಳೀತವೆ. ಹುಟ್ಟಿದ ಜಾಗವನ್ನ ಸಾಬೀತು ಮಾಡದೆ ಎಲ್ಲದಕ್ಕೂ ಎಕ್ಸೊಸೋಮ್ ಅನ್ನಬೇಡಿ ಅಂತ ಈ ಕ್ಷೇತ್ರದ ಅಂತರರಾಷ್ಟ್ರೀಯ ಸಂಘವೇ ನಿಯಮಾವಳಿ ಬರೆದಿದೆ. 2014ರಲ್ಲಿ ಒಮ್ಮೆ, 2018ರಲ್ಲಿ ಮತ್ತೊಮ್ಮೆ, 2023ರಲ್ಲಿ ಇನ್ನೊಮ್ಮೆ. ಒಂದು ಕಾಲದಲ್ಲಿ ಅಂಚೆಯನ್ನ ಧೂಳು ಅಂದ್ವಿ. ಈಗ ಧೂಳನ್ನೆಲ್ಲ ಅಂಚೆ ಅನ್ನೋ ಉತ್ಸಾಹ. ಎರಡೂ ತಪ್ಪಿಗೆ ಕಾರಣ ಒಂದೇ, ಬಿಚ್ಚಿ ನೋಡೋ ಮೊದಲೇ ಹೆಸರಿಡೋದು.

ಹಾಗಾದ್ರೆ ಇದೆಲ್ಲ ನಮಗೆ ಯಾಕೆ? ಒಂದು ನಿಜವಾದ ಕಾರಣ ಹೇಳ್ತೀನಿ. ಕಾಳಾ ಅಜಾರ್ ಇವತ್ತಿಗೂ ಬಿಹಾರ, ಜಾರ್ಖಂಡ್, ಉತ್ತರ ಪ್ರದೇಶ, ಪಶ್ಚಿಮ ಬಂಗಾಳದ ಬಡವರ ಕಾಯಿಲೆ. ಒಂದು ಬ್ಲಾಕಿನಲ್ಲಿ ವರ್ಷಕ್ಕೆ 10,000 ಜನರಿಗೆ ಒಂದಕ್ಕಿಂತ ಕಮ್ಮಿ ಪ್ರಕರಣ ಅನ್ನೋದು ನಮ್ಮ ನಿರ್ಮೂಲನೆಯ ಗುರಿ, ಅದರ ಗಡುವು ಹಲವು ಸಲ ಮುಂದೆ ಹೋಗಿದೆ. ಬಾಂಗ್ಲಾದೇಶ 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮುದ್ರೆ ಪಡೆದ ಮೊದಲ ದೇಶವಾಯ್ತು. ಪ್ರಕರಣ ಕಮ್ಮಿಯಾದಷ್ಟೂ ಉಳಿದವನ್ನ ಹುಡುಕೋದು ಕಷ್ಟ. ಬೆರಳು ಚುಚ್ಚಿ ಮಾಡೋ ಆರ್‌ಕೆ39 ಪರೀಕ್ಷೆ ಬಹಳ ಉಪಕಾರಿ, ಆದರೆ ಅದು ನೋಡೋದು ಪ್ರತಿಕಾಯವನ್ನ. ಗುಣವಾದ ಮೇಲೂ ಪ್ರತಿಕಾಯ ವರ್ಷಗಟ್ಟಲೆ ಉಳಿಯುತ್ತೆ. ಗುಣವಾಗಿ ಹೋದವರಿಗೆ ಮತ್ತೆ ಜ್ವರ ಬಂದರೆ, ಕಾಯಿಲೆ ಮರುಕಳಿಸಿತಾ ಅಂತ ಅದು ಹೇಳಲಾರದು. ಆಗ ಗುಲ್ಮಕ್ಕೋ ಮೂಳೆಯ ಮಜ್ಜೆಗೋ ಸೂಜಿ ಹಾಕಬೇಕು. ಗುಲ್ಮಕ್ಕೆ ಸೂಜಿ ಅಂದ್ರೆ ಒಳಗೆ ರಕ್ತಸ್ರಾವದ ಅಪಾಯ, ಹಳ್ಳಿಯ ಆಸ್ಪತ್ರೆಯಲ್ಲಿ ಮಾಡೋ ಕೆಲಸ ಅಲ್ಲ. ಗುಣವಾದ ಕೆಲವರಿಗೆ ತಿಂಗಳುಗಳು, ವರ್ಷಗಳ ನಂತರ ಚರ್ಮದ ಮೇಲೆ ಮಚ್ಚೆ ಗಂಟುಗಳು ಬರ್ತವೆ, ಬ್ರಹ್ಮಚಾರಿ ಅವರೇ 1922ರಲ್ಲಿ ವಿವರಿಸಿದ್ದು. ಅಂಥವರು ಆರಾಮಾಗಿ ಓಡಾಡಿಕೊಂಡಿರ್ತಾರೆ, ಆದರೆ ನೊಣ ಅವರನ್ನ ಕಚ್ಚಿದರೆ ಸರಪಳಿ ಮತ್ತೆ ಶುರು.

ಚೀಲಗಳ ಮೇಲೆ ಸಂಶೋಧಕರು ಆಸೆ ಇಟ್ಟಿರೋದು ಇಲ್ಲಿ. ಬದುಕಿರೋ ಪರಾವಲಂಬಿಯೇ ಚೀಲ ಬಿಡಬೇಕು. ಅದರ ಪೊರೆಯ ಗುರುತು ರಕ್ತದಲ್ಲೋ ಮೂತ್ರದಲ್ಲೋ ಸಿಕ್ಕರೆ, ಗುಲ್ಮಕ್ಕೆ ಸೂಜಿ ಹಾಕದೆ ಕಾಯಿಲೆ ಇದೆಯೋ ಇಲ್ಲವೋ ಹೇಳಬಹುದು. ಲಸಿಕೆಗೆ ಬಳಸೋ ಪ್ರಯತ್ನಗಳೂ ಇವೆ. 2011ರಲ್ಲಿ ಬಾರ್ಸಿಲೋನಾದ ತಂಡ, ಇಲಿಯ ಮಲೇರಿಯಾ ತಗುಲಿದ ಎಳೆ ರಕ್ತಕಣಗಳು ಬಿಟ್ಟ ಚೀಲಗಳನ್ನ ಆರೋಗ್ಯವಂತ ಇಲಿಗಳಿಗೆ ಕೊಟ್ಟಾಗ ಸ್ವಲ್ಪ ಮಟ್ಟಿಗೆ ರಕ್ಷಣೆ ಸಿಕ್ಕಿತು. ಎಳೆ ರಕ್ತಕಣ, ಗಮನಿಸಿ. ಜಾನ್‌ಸ್ಟೋನ್ ಅವರ ಕುರಿಯ ಕಣಗಳ ಜಾತಿಯವೇ.

ಇವೆಲ್ಲ ಇನ್ನೂ ಆಸ್ಪತ್ರೆಯ ಬಾಗಿಲಿಗೆ ಬಂದಿಲ್ಲ. ಬರುತ್ತೆ ಅಂತ ನಾನು ಭರವಸೆ ಕೊಡಲಾರೆ. ಆದರೆ ಈ ಇತಿಹಾಸ ಓದಿದ ಮೇಲೆ ನನಗೆ ಒಂದು ವಿಷಯ ಮನಸ್ಸಿನಲ್ಲಿ ಉಳಿದಿದೆ. ಜಾನ್‌ಸ್ಟೋನ್ ಅವರು ಕಾಳಾ ಅಜಾರ್ ಬಗ್ಗೆ ಯೋಚಿಸ್ತಾ ಇರಲಿಲ್ಲ. ಕುರಿಯ ರಕ್ತಕಣದಿಂದ ಒಂದು ಪ್ರೋಟೀನ್ ಮಾಯವಾಗೋದು ಹೇಗೆ ಅಂತ ಕೇಳಿದರು. ಅದು ನಾರ್ಮಲ್ ಲಾಸ್ ಅಂತ ಬರೆದು ಪುಟ ತಿರುಗಿಸಬಹುದಿತ್ತು. ಎಲ್ಲಿ ಹೋಯ್ತು ಅಂತ ವಿಚಾರಣೆ ಮಾಡಿದರು. ಆ ವಿಚಾರಣೆಯಿಂದ ಹೊರಟ ದಾರಿ ಮುಜಫರಪುರದ ಯಾವುದೋ ಹಳ್ಳಿಯ ಜ್ವರದ ಮಗುವಿನ ಹಾಸಿಗೆಯ ತನಕ ಬರಬಹುದು ಅಂತ ಆಗ ಯಾರು ತಾನೇ ಹೇಳಿದ್ದರು?

ಪ್ರಶ್ನೆ ಕೇಳಿದ ಆ ಕೇಳುಗರಿಗೆ ಧನ್ಯವಾದ. ನನ್ನ ಹಳೇ ಕಂತಿನ ವಿವರಣೆಯಲ್ಲಿ ತಿದ್ದುಪಡಿ ಹಾಕಿದ್ದೀನಿ. ಇವತ್ತಿನ ಕಂತಿನಲ್ಲೂ ತಪ್ಪು ಕಂಡರೆ ಬರೆಯಿರಿ, ಅದನ್ನೂ ಇಲ್ಲೇ ಓದ್ತೀನಿ. ಮುಂದಿನ ವಾರ ಸಿಗೋಣ.